ಹಿಮ್ಮೇಳದಲ್ಲಿ ನಿಂತವರು

ಆಸ್ತಿ ಪಾಲಾಗುವಾಗ ಯಾರೂ ಜಗಳವಾಡದ ವಸ್ತುಗಳು ಕೆಲವಿರುತ್ತವೆ. ಅಮೆರಿಕದ ಮನೆಗಳಲ್ಲಿ ಹಳೆಯ ಗ್ರಾಮಫೋನ್ ರೆಕಾರ್ಡುಗಳ ಪೆಟ್ಟಿಗೆ ಅಂಥದ್ದು. ಮನೆ, ಕಾರು, ಒಡವೆಗಳು ದೊಡ್ಡವರಿಗೆ ಹೋದ ಮೇಲೆ, ಅಜ್ಜಿ ಕೇಳುತ್ತಿದ್ದ ರೆಕಾರ್ಡುಗಳು ಮೊಮ್ಮಕ್ಕಳ ಕೈಗೆ ಬರುತ್ತವೆ. ಫೋನ್ ಒತ್ತಿದರೆ ಹಾಡು ಬರುವ ಕಾಲದಲ್ಲಿ ಬೆಳೆದ ಈ ಮಕ್ಕಳು ಕುತೂಹಲಕ್ಕೆಂದು ಒಂದನ್ನು ತಿರುಗಿಸಿ ನೋಡುತ್ತಾರೆ.

ಅಂಥ ಪೆಟ್ಟಿಗೆಗಳಲ್ಲಿ ಆಗಾಗ ಸಿಗುವುದು ‘ಮೋಟೌನ್’ ಕಂಪನಿಯ ಏಳು ಅಂಗುಲದ ತಟ್ಟೆ. ಬದಿಗೊಂದೇ ಹಾಡು, ನಿಮಿಷಕ್ಕೆ 45 ಸುತ್ತು. ನೀಲಿ ಲೇಬಲ್ಲಿನ ಮೇಲೊಂದು ಭೂಪಟ, ಅದರಲ್ಲಿ ಡೆಟ್ರಾಯ್ಟ್ ನಗರಕ್ಕೆ ನಕ್ಷತ್ರದ ಗುರುತು. ಹಾಡಿದವರ ಹೆಸರು ‘ಫೋರ್ ಟಾಪ್ಸ್’.

ಡೆಟ್ರಾಯ್ಟ್ ಕಾರು ಕಾರ್ಖಾನೆಗಳ ಊರು. ಅಲ್ಲಿ ಕಾರ್ಮಿಕನಾಗಿ ದುಡಿದಿದ್ದ ಬೆರಿ ಗಾರ್ಡಿ ಎಂಬ ಕರಿಯ ಯುವಕ ಮನೆಯವರಿಂದ 800 ಡಾಲರ್ ಸಾಲ ಪಡೆದು 1959ರಲ್ಲಿ ರೆಕಾರ್ಡ್ ಕಂಪನಿ ತೆರೆದ. ಕರಿಯರ ಚರ್ಚುಗಳ ಭಜನೆಯ ಆವೇಶವನ್ನು ಲೌಕಿಕ ಹಾಡಿಗೆ ತಂದ ‘ಸೋಲ್’ ಸಂಗೀತ ಆ ಪುಟ್ಟ ಮನೆಯಿಂದ ಜಗತ್ತಿಗೆಲ್ಲ ಹರಡಿತು.

ಫೋರ್ ಟಾಪ್ಸ್‌ನ ನಾಲ್ವರು ಅದೇ ಊರಿನ ಹುಡುಗರು: ಲೀವೈ ಸ್ಟಬ್ಸ್, ಅಬ್ದುಲ್ ‘ಡ್ಯೂಕ್’ ಫಕೀರ್, ರೆನಾಲ್ಡೊ ‘ಓಬಿ’ ಬೆನ್ಸನ್, ಲಾರೆನ್ಸ್ ಪೇಟನ್. ಫಕೀರ್ ಅವರ ತಂದೆ ಈಗಿನ ಬಾಂಗ್ಲಾದೇಶದ ನೆಲದಿಂದ ವಲಸೆ ಹೋದವರು. 1950ರ ದಶಕದ ಆರಂಭದಲ್ಲೇ ಒಟ್ಟಿಗೆ ಹಾಡತೊಡಗಿದ ಇವರು ಸುಮಾರು ಹತ್ತು ವರ್ಷ ಕ್ಲಬ್ಬುಗಳಲ್ಲಿ ಹಾಡಿದರು. ಕೆಲವು ಕಂಪನಿಗಳು ರೆಕಾರ್ಡು ತಂದರೂ ಜನ ಕೊಳ್ಳಲಿಲ್ಲ. 1963ರಲ್ಲಿ ಮೋಟೌನ್ ಸೇರಿದರು. 1964ರಲ್ಲಿ ಮೊದಲ ಯಶಸ್ಸು ಬಂತು. 1966ರ ‘ರೀಚ್ ಔಟ್ ಐ’ಲ್ ಬಿ ದೇರ್’ ಅಮೆರಿಕದಲ್ಲೂ ಬ್ರಿಟನ್ನಿನಲ್ಲೂ ಮೊದಲ ಸ್ಥಾನಕ್ಕೇರಿತು.

ಸ್ಟಬ್ಸ್ ಅವರದು ಗಡುಸು ಕಂಠ. ಹಾಡು ಕಟ್ಟುತ್ತಿದ್ದ ಹಾಲೆಂಡ್ ಸೋದರರು ಮತ್ತು ಲಾಮಾಂಟ್ ಡೋಜಿಯರ್ ಬೇಕೆಂದೇ ಅವರಿಗೆ ನಿಲುಕದಷ್ಟು ಎತ್ತರದ ಶ್ರುತಿ ಇಡುತ್ತಿದ್ದರು. ಆ ಎತ್ತರ ಮುಟ್ಟಲು ಅವರು ಪಡುವ ಕಷ್ಟವೇ ಹಾಡಿನೊಳಗಿನ ಮೊರೆಯಾಗಿ ಕೇಳುತ್ತದೆ. ಆದರೆ ಆ ಮೊರೆಗೆ ಉತ್ತರ ಕೊಡುವುದು ಹಿಮ್ಮೇಳ. ಉಳಿದ ಮೂವರ ದನಿ ಇಲ್ಲದಿದ್ದರೆ ಅದು ಬರೀ ಕೂಗು.

ಈ ಮಾತು ಸ್ಟಬ್ಸ್‌ಗೆ ಚೆನ್ನಾಗಿ ಗೊತ್ತಿತ್ತು. 1967ರಲ್ಲಿ ಅದೇ ಕಂಪನಿಯ ‘ಸುಪ್ರೀಮ್ಸ್’ ತಂಡದ ಹೆಸರು ‘ಡಯಾನಾ ರಾಸ್ ಮತ್ತು ಸುಪ್ರೀಮ್ಸ್’ ಎಂದಾಯಿತು. ಸ್ಟಬ್ಸ್‌ಗೂ ಒಂಟಿಯಾಗಿ ಹಾಡುವ ಅವಕಾಶಗಳು ಬಂದವು. ಅವರು ಒಪ್ಪಲಿಲ್ಲ. ತಂಡದ ಹೆಸರಿನ ಮುಂದೆ ಅವರ ಹೆಸರು ಬರಲೇ ಇಲ್ಲ. 1997ರಲ್ಲಿ ಪೇಟನ್ ತೀರಿಕೊಳ್ಳುವವರೆಗೆ, ನಾಲ್ಕು ದಶಕಗಳಿಗೂ ಹೆಚ್ಚು ಕಾಲ, ಅದೇ ನಾಲ್ವರು ಒಟ್ಟಿಗಿದ್ದರು. ಬೆನ್ಸನ್ 2005ರಲ್ಲಿ, ಸ್ಟಬ್ಸ್ 2008ರಲ್ಲಿ, ಕೊನೆಯವರಾದ ಫಕೀರ್ 2024ರಲ್ಲಿ ಹೋದರು.

ಹಿಂದೆ ನಿಂತವರು ಸಾಮಾನ್ಯರೆಂದು ತಿಳಿಯಬೇಡಿ. ದನಿಗಳನ್ನು ಹೊಂದಿಸಿ ಕೂಡಿಸುತ್ತಿದ್ದವರು ಪೇಟನ್. 1969ರಲ್ಲಿ ಬರ್ಕ್ಲಿಯಲ್ಲಿ ಪೊಲೀಸರು ಯುವಕರನ್ನು ಹೊಡೆಯುವುದನ್ನು ಕಂಡು ಬೆನ್ಸನ್ ಮನಸ್ಸಿನಲ್ಲಿ ಒಂದು ಹಾಡು ಹುಟ್ಟಿತು. ಪ್ರತಿಭಟನೆಯ ಹಾಡು ಬೇಡವೆಂದು ಗೆಳೆಯರು ಹಿಂಜರಿದರು. ಬೆನ್ಸನ್ ಅದನ್ನು ಮಾರ್ವಿನ್ ಗೇ ಅವರಿಗೆ ಕೊಟ್ಟರು. 1971ರಲ್ಲಿ ಬಂದ ಆ ‘ವಾಟ್ಸ್ ಗೋಯಿಂಗ್ ಆನ್’ ಇವತ್ತಿಗೂ ದೊಡ್ಡ ಹಾಡು. ತಂಡವನ್ನೂ ಬಿಡಲಿಲ್ಲ, ಹಾಡನ್ನೂ ಬಿಡಲಿಲ್ಲ!

ಲೇಬಲ್ಲು ಹೇಳದೆ ಬಿಟ್ಟದ್ದು ಇನ್ನೂ ಇದೆ. ಈ ರೆಕಾರ್ಡುಗಳಲ್ಲಿ ಕೇಳುವ ಹೆಣ್ಣುದನಿಗಳು ‘ಆಂಡಾಂಟೀಸ್’ ಎಂಬ ಮೂವರು ಗಾಯಕಿಯರವು. ವಾದ್ಯ ನುಡಿಸಿದವರು ‘ಫಂಕ್ ಬ್ರದರ್ಸ್’. ಬೇಸ್ ಗಿಟಾರ್ ನುಡಿಸುತ್ತಿದ್ದವರು ಜೇಮ್ಸ್ ಜೇಮರ್ಸನ್. ಅಜ್ಜಿಯ ತಟ್ಟೆಯ ಮೇಲೆ ಇವರಾರ ಹೆಸರೂ ಇಲ್ಲ. ಮೋಟೌನ್ ವಾದ್ಯಗಾರರ ಹೆಸರು ರೆಕಾರ್ಡಿನ ಹೊದಿಕೆಯ ಮೇಲೆ ಬಂದದ್ದು 1971ರಲ್ಲಿ, ಗೇ ಅವರ ಅದೇ ಹಾಡಿದ್ದ ಲಾಂಗ್‌ಪ್ಲೇಯಲ್ಲಿ.

ಆದ್ದರಿಂದ ಹಳೆಯ ರೆಕಾರ್ಡು ಸಿಕ್ಕಿದರೆ ಮೂರು ಸಲ ಕೇಳಬೇಕು. ಮೊದಲು ಮುಖ್ಯ ಗಾಯಕನನ್ನು. ಮತ್ತೆ ಅವನ ಹಿಂದಿನ ದನಿಗಳನ್ನು. ಮೂರನೆಯ ಸಲ ಎಲ್ಲದರ ತಳದಲ್ಲಿ ನಡೆಯುವ ಬೇಸ್ ಗಿಟಾರನ್ನು. ಪ್ರತಿ ಸಲವೂ ಬೇರೆಯೇ ಹಾಡು ಕೇಳಿಸುತ್ತದೆ. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಏಕಾಗ್ರತೆಯ ಅಭ್ಯಾಸ ಬೇಕೇ?

ತಂದೆ-ತಾಯಿಯರಿಗೂ ಒಂದು ಮಾತು. ನಿಮ್ಮ ಮನೆಯ ಅಟ್ಟದಲ್ಲೂ ರೆಕಾರ್ಡುಗಳಿರಬಹುದು. ಗುಜರಿಯವನಿಗೆ ತೂಕಕ್ಕೆ ಹಾಕುವ ಮೊದಲು ಧೂಳೊರೆಸಿ, ಬಿಸಿಲು ತಾಗದ ಕಡೆ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ. ಮುಟ್ಟುವಾಗ ಅಂಚನ್ನಷ್ಟೇ ಹಿಡಿಯಲು ಮಕ್ಕಳಿಗೆ ಕಲಿಸಿ. ‘ಮೊದಲ ರ‍್ಯಾಂಕ್ ಯಾರಿಗೆ?’ ಎಂದು ಕೇಳಿ ಕೇಳಿ ನಾವು ಮಕ್ಕಳನ್ನು ಬೆಳೆಸುತ್ತಿದ್ದೇವೆ. ನಾಲ್ಕನೆಯ ದನಿಯಾಗಿ ನಿಂತೂ ಬದುಕನ್ನು ಸಾರ್ಥಕ ಮಾಡಿಕೊಳ್ಳಬಹುದು ಎಂಬುದನ್ನು ಅವರಿಗೆ ಹೇಳುವವರು ಯಾರು? ಒಂದು ಹಳೆಯ ತಟ್ಟೆ ಅದನ್ನು ಮೂರೇ ನಿಮಿಷದಲ್ಲಿ ಹೇಳಿಬಿಡುತ್ತದೆ.