ಟಾಹೋದಲ್ಲಿ ಏನನ್ನೂ ಬಿಟ್ಟು ಬರಬೇಡಿ



ಡಿಸೆಂಬರ್ ಬಂತೆಂದರೆ ಬೇ ಏರಿಯಾದ ನಮ್ಮ ಕನ್ನಡದ ಮನೆಗಳಲ್ಲಿ ಟಾಹೋ ಮಾತು ಶುರುವಾಗುತ್ತದೆ. ಮಕ್ಕಳಿಗೆ ಸ್ನೋ ಬೇಕು. ಊರಿನಿಂದ ಬಂದ ಅಪ್ಪ ಅಮ್ಮನಿಗೆ ಒಮ್ಮೆಯಾದರೂ ಹಿಮವನ್ನು ಕೈಯಾರೆ ಮುಟ್ಟಿ ನೋಡುವ ಆಸೆ. ಸ್ಕೀ ಕಲಿತವರಿಗಂತೂ ಶನಿವಾರ ಬೆಳಗಾಗುವುದೇ ತಡ. ಹೋಗಬೇಡಿ ಎನ್ನಲು ನಾನು ಬರೆಯುತ್ತಿಲ್ಲ. ಹೋಗಿ, ಕಣ್ತುಂಬ ನೋಡಿ ಬನ್ನಿ. ನನ್ನ ಕೋರಿಕೆ ಇರುವುದು ನಾವು ಅಲ್ಲಿ ಬಿಟ್ಟು ಬರುವ ವಸ್ತುಗಳ ಬಗ್ಗೆ.

ಸಿಯೆರಾ ನೆವಾಡಾ ಬೆಟ್ಟಗಳ ನಡುವೆ, 6,200 ಅಡಿಗೂ ಎತ್ತರದಲ್ಲಿರುವ ಟಾಹೋ ಸರೋವರ ವಾಶೋ ಮೂಲನಿವಾಸಿಗಳ ಪವಿತ್ರ ತಾಣ. ಇದರ ಆಳ 1,645 ಅಡಿ. ಅಮೆರಿಕದಲ್ಲಿ ಇದಕ್ಕಿಂತ ಆಳವಾದದ್ದು ಆರೆಗನ್ ರಾಜ್ಯದ ಕ್ರೇಟರ್ ಲೇಕ್ ಒಂದೇ. ಟಾಹೋಗೆ ಬಂದು ಸೇರುವ ತೊರೆಗಳು 63, ಹೊರಗೆ ಹರಿಯುವುದು ಮಾತ್ರ ಟ್ರಕಿ ನದಿ ಒಂದೇ. ಒಳಗೆ ಬಂದ ನೀರು ಹೊರಹೋಗಲು ಸರಾಸರಿ ಸುಮಾರು 650 ವರ್ಷ ಬೇಕೆಂದು ಲೆಕ್ಕ. ಹಾಗಾಗಿ ಒಮ್ಮೆ ಇಲ್ಲಿಗೆ ಸೇರಿದ ಕೊಳೆ ಒಂದು ಮಳೆಗಾಲಕ್ಕೆ ಕೊಚ್ಚಿ ಹೋಗುವಂಥದ್ದಲ್ಲ.

ಯುಸಿ ಡೇವಿಸ್‌ನ ವಿಜ್ಞಾನಿಗಳು 1968ರಿಂದ ಇಲ್ಲೊಂದು ಸರಳ ಪರೀಕ್ಷೆ ನಡೆಸುತ್ತ ಬಂದಿದ್ದಾರೆ. ಊಟದ ತಟ್ಟೆಯಷ್ಟಗಲದ ಬಿಳಿ ಬಿಲ್ಲೆಯನ್ನು ದೋಣಿಯಿಂದ ನೀರಿಗೆ ಇಳಿಬಿಟ್ಟು, ಅದು ಎಷ್ಟು ಆಳದಲ್ಲಿ ಕಣ್ಮರೆಯಾಗುತ್ತದೆ ಎಂದು ಅಳೆಯುತ್ತಾರೆ. ಮೊದಲ ವರ್ಷ ಅದು ಸರಾಸರಿ 100 ಅಡಿಗೂ ಕೆಳಗಿನವರೆಗೆ ಕಂಡಿತ್ತು. ಈಚಿನ ವರ್ಷಗಳಲ್ಲಿ 60–70 ಅಡಿಯ ಆಸುಪಾಸಿಗೇ ಮರೆಯಾಗುತ್ತದೆ. ಇದಕ್ಕೆ ದೊಡ್ಡ ಕಾರಣ ರಸ್ತೆ ಮತ್ತು ಊರುಗಳಿಂದ ಹರಿದು ಬರುವ ಅತಿ ಸಣ್ಣ ಧೂಳು. ಚಳಿಗಾಲದಲ್ಲಿ ಜಾರದಿರಲೆಂದು ರಸ್ತೆಗೆ ಮರಳು ಹಾಕುತ್ತಾರೆ. ನಮ್ಮ ಕಾರುಗಳ ಚಕ್ರದಡಿ ಅದು ಪುಡಿಪುಡಿಯಾಗುತ್ತದೆ. ಹಿಮ ಕರಗಿದಾಗ ಆ ಪುಡಿ ನೀರಿನೊಡನೆ ಕೆರೆ ಸೇರುತ್ತದೆ, ತಳ ಮುಟ್ಟದೆ ವರ್ಷಗಟ್ಟಲೆ ತೇಲುತ್ತ ಬೆಳಕನ್ನು ಚದುರಿಸುತ್ತದೆ. ಮೂರು ಮನೆಯವರು ಮೂರು ಕಾರಿನಲ್ಲಿ ಹೋಗುವ ಬದಲು ಒಂದೇ ವ್ಯಾನ್ ಮಾಡಿಕೊಂಡು ಹೋದರೆ ಪೆಟ್ರೋಲಿನ ಜೊತೆಗೆ ಕೆರೆಯ ನೀಲಿಯೂ ಅಷ್ಟು ಉಳಿಯುತ್ತದೆ. ಎಮರಿವಿಲ್‌ನಿಂದ ಟ್ರಕಿ ಊರಿಗೆ ದಿನಕ್ಕೊಂದು ರೈಲೂ ಇದೆ. ಬೆಟ್ಟ ಹತ್ತುವಾಗ ಅದರ ಕಿಟಕಿಯಿಂದ ಕಾಣುವ ನೋಟವನ್ನು ಕಾರು ಓಡಿಸುವವರು ಎಂದೂ ಕಂಡಿರುವುದಿಲ್ಲ.

ಇನ್ನು ಸ್ಲೆಡ್ ವಿಷಯ. ದಾರಿಯ ಅಂಗಡಿಯಲ್ಲಿ ಅಗ್ಗದ ಪ್ಲಾಸ್ಟಿಕ್ ಸ್ಲೆಡ್ ಕೊಳ್ಳುತ್ತೇವೆ. ಕೊರೆಯುವ ಚಳಿಗೆ ಪ್ಲಾಸ್ಟಿಕ್ ಪೆಡಸಾಗಿರುತ್ತದೆ. ಇಳಿಜಾರಿನಲ್ಲಿ ಒಂದು ಕಲ್ಲಿಗೆ ತಾಗಿದರೆ ಸಾಕು, ಲಟಕ್ಕನೆ ಸೀಳುತ್ತದೆ. ಮಗು ಅಳುತ್ತದೆ, ಕತ್ತಲಾಗುತ್ತಿರುತ್ತದೆ, ಕೈ ಮರಗಟ್ಟಿರುತ್ತದೆ. ಚೂರುಗಳು ಅಲ್ಲೇ ಉಳಿಯುತ್ತವೆ. ಆ ರಾತ್ರಿ ಬಿದ್ದ ಹೊಸ ಹಿಮ ಅವನ್ನು ಮುಚ್ಚಿಬಿಡುತ್ತದೆ. ಅದೇ ಇಳಿಜಾರಿಗೆ ಹಿಮ ಕರಗಿದ ಮೇಲೆ ಹೋಗಿ ನೋಡಿ: ಪೈನ್ ಎಲೆಗಳ ನಡುವೆ ಕಿತ್ತಳೆ, ಗುಲಾಬಿ, ನೀಲಿ ಚೂರುಗಳು, ಒಂಟಿ ಕೈಗವಸು, ಚಿಪ್ಸ್ ಪೊಟ್ಟಣ. ಬಿಸಿಲಿಗೆ ಸವೆದ ಪ್ಲಾಸ್ಟಿಕ್ ಬೆರಳಿಗೆ ಸಿಗದಷ್ಟು ಸಣ್ಣದಾಗಿ ತೊರೆಗೆ ಇಳಿಯುತ್ತದೆ. ಆಮೇಲೆ ಅದನ್ನು ಹೆಕ್ಕಲು ಯಾರಿಂದಲೂ ಆಗುವುದಿಲ್ಲ.

ಇದು ಕೇವಲ ನಮ್ಮವರ ತಪ್ಪಲ್ಲ. 2023ರ ಜುಲೈ 4ರ ರಜೆ ಮುಗಿದ ಮರುದಿನ ಟಾಹೋದ ಕೆಲವು ದಂಡೆಗಳಲ್ಲಿ ಸ್ವಯಂಸೇವಕರು ಎತ್ತಿದ ಕಸವೇ 8,500 ಪೌಂಡಿಗೂ ಹೆಚ್ಚು. ಎಲ್ಲ ದೇಶದವರೂ ಎಲ್ಲ ಭಾಷೆಯವರೂ ಸೇರಿ ಮಾಡಿದ ಕಸ ಅದು. ಆದರೆ ನಮ್ಮ ಪಾಲನ್ನು ಹೊತ್ತು ತರಬೇಕಾದವರು ನಾವೇ ತಾನೆ?

ಕಟ್ಟಿಕೊಂಡು ಹೋದ ಬುತ್ತಿಯ ಬಗ್ಗೆಯೂ ಒಂದು ಮಾತು. ಮಿಕ್ಕ ಪುಳಿಯೋಗರೆಯನ್ನು ಮರದಡಿ ಸುರಿಯಬೇಡಿ, ರಾತ್ರಿ ಕಾರಿನಲ್ಲೂ ಬಿಡಬೇಡಿ. ಅಲ್ಲಿನ ಕರಡಿಗಳಿಗೆ ಕಾರಿನ ಬಾಗಿಲು ತೆರೆಯುವುದು ಗೊತ್ತು. ಮನುಷ್ಯರ ಊಟದ ರುಚಿ ಹತ್ತಿದ ಕರಡಿ ಮನೆಗಳಿಗೆ ನುಗ್ಗತೊಡಗುತ್ತದೆ, ಕೊನೆಗೆ ಅದನ್ನು ಕೊಲ್ಲುವ ಸಂದರ್ಭವೂ ಬರುತ್ತದೆ. ನಾಯಿಗೋ ಕಾಗೆಗೋ ಒಂದು ತುತ್ತು ಇಡುವುದು ನಮ್ಮ ಸಂಪ್ರದಾಯ, ನಿಜ. ಅಲ್ಲಿ ಮಾತ್ರ ಆ ಕೈ ಹಿಡಿದುಕೊಳ್ಳಿ. ತಂಗುವ ಮನೆಯ ಹೊರಗೆ ಕಬ್ಬಿಣದ ಕಸದ ಪೆಟ್ಟಿಗೆ ಇದ್ದರೆ ಅದರ ಚಿಲಕ ಬಿದ್ದಿದೆಯೇ ಎಂದು ಎಳೆದು ನೋಡಿ.

ಆಡಲು ಹೆದ್ದಾರಿಯ ಅಂಚಿನಲ್ಲಿ ಕಾರು ನಿಲ್ಲಿಸಬೇಡಿ. ಹಿಮ ತಳ್ಳುವ ಲಾರಿಗೂ ಆಂಬುಲೆನ್ಸಿಗೂ ದಾರಿ ಕಟ್ಟುತ್ತದೆ. ಅದರ ಬದಲು ಡಾನರ್ ಸಮಿಟ್, ಎಕೋ ಲೇಕ್ ಬಳಿಯ ಸ್ನೋ-ಪಾರ್ಕ್‌ಗಳಿಗೆ ಮುಂಚೆಯೇ ಪರವಾನಗಿ ತೆಗೆದುಕೊಂಡು ಹೋಗಿ. ಚೈನ್ ಕಾರಿನಲ್ಲಿರಲಿ, ಹಾಕುವುದನ್ನು ಮನೆಯ ಮುಂದೆಯೇ ಒಮ್ಮೆ ಕಲಿತಿರಿ.

ಕನ್ನಡ ಕೂಟದ ಗೆಳೆಯರೇ, ಈ ಚಳಿಗಾಲ ಗುಂಪು ಕಟ್ಟಿಕೊಂಡು ಹೊರಡುವಾಗ ಊಟದ ಪಟ್ಟಿಯ ಜೊತೆಗೆ ಇನ್ನೊಂದು ಹೊಣೆಯನ್ನೂ ಹಂಚಿ. ಗಟ್ಟಿಯಾದ ಕಸದ ಚೀಲ ತರುವವರು ಯಾರು, ಹೊರಡುವ ಮುನ್ನ ಕಾಲು ಗಂಟೆ ಇಳಿಜಾರನ್ನೆಲ್ಲ ಹುಡುಕುವವರು ಯಾರು ಎಂದು ಹೆಸರು ಬರೆದಿಡಿ. ಒಡೆದ ಸ್ಲೆಡ್ಡನ್ನು ಚೂರೂ ಬಿಡದೆ ಡಿಕ್ಕಿಗೆ ಹಾಕಿಕೊಂಡು ಬನ್ನಿ. ಪಕ್ಕದವರು ಬಿಟ್ಟದ್ದು ಕಂಡರೆ ದಯವಿಟ್ಟು ಅದನ್ನೂ ಎತ್ತಿಕೊಳ್ಳಿ.