ಕಿತ್ತಳೆ ಸಿಗದ ಕಾಲದ ಹಣ್ಣು
ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳು ಸರಕು ಹಡಗುಗಳ ಬೆನ್ನು ಬಿದ್ದಾಗ ಬ್ರಿಟನ್ನಿನಲ್ಲಿ ಕಿತ್ತಳೆ ಸಿಗುವುದೇ ದುರ್ಲಭವಾಯಿತು. ಮಕ್ಕಳಿಗೆ ಸಿ ಜೀವಸತ್ವ ಎಲ್ಲಿಂದ ತರುವುದು? ಕೈಹಿಡಿದದ್ದು ಅಲ್ಲಿನ ಚಳಿಯಲ್ಲೇ ಬೆಳೆಯುವ ಬ್ಲ್ಯಾಕ್‌ಕರಂಟ್. ಬಟಾಣಿ ಗಾತ್ರದ ಈ ಹಣ್ಣಿನ 100 ಗ್ರಾಂನಲ್ಲಿ ಸುಮಾರು 180 ಮಿಲಿಗ್ರಾಂ ಸಿ ಜೀವಸತ್ವವಿದೆ. ಕಿತ್ತಳೆಗಿಂತ ಮೂರು ಪಟ್ಟು ಹೆಚ್ಚು. 1942ರಿಂದ ಇದರ ಸಿರಪ್ಪನ್ನು ಸರ್ಕಾರ ಎಳೆಯ ಮಕ್ಕಳಿಗೆ ಪುಕ್ಕಟೆ ಹಂಚಿತು. ಎಂಥ ವಿವೇಕದ ಕೆಲಸ! ಹಸಿಯಾಗಿ ತಿಂದರೆ ಹುಳಿ, ಒಗರು. ಇದರ ರುಚಿ ಅರಳುವುದು ಒಲೆಯ ಮೇಲೆಯೇ. ಪೆಕ್ಟಿನ್ ಧಾರಾಳವಾಗಿರುವುದರಿಂದ ಜಾಮ್ ತಾನಾಗಿಯೇ ಗಟ್ಟಿಯಾಗುತ್ತದೆ. ಆದರೆ ಮೊದಲು ನೀರಿನಲ್ಲಿ ಸಿಪ್ಪೆ ಮೆತ್ತಗಾಗುವವರೆಗೆ ಬೇಯಿಸಿ ಆಮೇಲಷ್ಟೇ ಸಕ್ಕರೆ ಸುರಿಯಬೇಕು. ಅವಸರಪಟ್ಟರೆ ಸಿಪ್ಪೆ ತೊಗಲಿನಂತಾಗುತ್ತದೆ. ಫ್ರಾನ್ಸಿನ ದಿಜೋನ್‌ನವರು ಇದರಿಂದ ಕಡುಗೆಂಪಿನ ಸಿಹಿ ಮದ್ಯ ತಯಾರಿಸುತ್ತಾರೆ, ಬಾತುಕೋಳಿ ಮಾಂಸಕ್ಕೂ ಇದರ ಸಾಸ್ ಚೆನ್ನಾಗಿ ಒಗ್ಗುತ್ತದೆ. ಕಪ್ಪು ಬಣ್ಣ ಕೊಡುವ ಆಂಥೋಸಯನಿನ್‌ಗಳೂ ಸಿಪ್ಪೆಯಲ್ಲೇ ಇರುವುದರಿಂದ ಸೋಸಿ ಎಸೆಯುವುದು ನಷ್ಟ. ನಮ್ಮ ಅಂಗಡಿಗಳಲ್ಲಿ ಬ್ಲ್ಯಾಕ್‌ಕರಂಟ್ ಹೆಸರಿನಲ್ಲಿ ಮಾರುವುದು ಎಷ್ಟೋ ಸಲ ಕಪ್ಪು ಒಣದ್ರಾಕ್ಷಿ. ಅದರಲ್ಲಿ ಸಿ ಜೀವಸತ್ವ ಅತ್ಯಲ್ಪ. ಕೊಳ್ಳುವ ಮುನ್ನ ಪೊಟ್ಟಣದ ಹಿಂಬದಿ ಓದಿ. ಸಿ ಜೀವಸತ್ವವೇ ಬೇಕಿದ್ದರೆ ಸಂತೆಯ ನೆಲ್ಲಿಕಾಯಿ, ಸೀಬೆಹಣ್ಣು ಧಾರಾಳ ಸಾಕು.