ಕುರುಹು ಕೂಡದಿದ್ದಾಗ



ಈ ಅಂಕಣದಲ್ಲಿ ಶಬ್ದಾರ್ಥ, ಆಚಾರ, ಹಸ್ತಪ್ರತಿ ಮೊದಲಾದ ವಿಷಯಗಳನ್ನು ಪ್ರಸ್ತಾಪಿಸುವುದು ವಾಡಿಕೆ. ಈ ಸಂಚಿಕೆಯಲ್ಲಿ ಗಣಕಯಂತ್ರದ ವಿಷಯವೊಂದನ್ನು ಎತ್ತಿಕೊಂಡಿರುವುದಕ್ಕೆ ಕಾರಣವುಂಟು. ಇಂದು ನಮ್ಮ ಅನೇಕ ಮನೆಗಳಲ್ಲಿ ಮಗನೋ ಮಗಳೋ ತಾಂತ್ರಿಕ ವಿದ್ಯೆಯನ್ನು ಕಲಿತು, ಪಡಸಾಲೆಯಲ್ಲಿ ಕುಳಿತಂತೆಯೇ ದೂರದ ವಿಶ್ವವಿದ್ಯಾಲಯದ ಅಥವಾ ಕಚೇರಿಯ ಗಣಕಯಂತ್ರದಲ್ಲಿ ಕೆಲಸ ಮಾಡುತ್ತಿದ್ದಾರೆ. "ಡಿಸ್‌ಪ್ಲೇ ತೆರೆಯುತ್ತಿಲ್ಲ" ಎಂದು ಅವರು ನಡುರಾತ್ರಿಯವರೆಗೆ ಚಿಂತಾಕ್ರಾಂತರಾಗಿರುವುದನ್ನು ತಂದೆತಾಯಿಗಳು ಕಂಡಿರಬಹುದು. ಆ ತೊಡಕು ಏನು, ಅದನ್ನು ಬಿಡಿಸುವ ಕ್ರಮ ಯಾವುದು, ಅವಸರದಲ್ಲಿ ಮಾಡಬಾರದ್ದು ಯಾವುದು ಎಂಬುದನ್ನು ಇಲ್ಲಿ ಯಥಾಮತಿ ವಿವರಿಸಲಾಗಿದೆ.

ಮೊದಲು ಇದರ ಹಿನ್ನೆಲೆ. ಅಮೆರಿಕೆಯ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ 1984ರಲ್ಲಿ ಬಾಬ್ ಷೈಫ್ಲರ್ ಮತ್ತು ಜಿಮ್ ಗೆಟ್ಟಿಸ್ ಎಂಬ ತಜ್ಞರು 'ಎಕ್ಸ್' ಎಂಬ ಪರದೆಯ ವ್ಯವಸ್ಥೆಯನ್ನು ರೂಪಿಸಿದರು. ಅದಕ್ಕೆ ಮುಂಚೆ 'ಡಬ್ಲ್ಯೂ' ಎಂಬ ವ್ಯವಸ್ಥೆಯೊಂದಿತ್ತು. ವರ್ಣಮಾಲೆಯಲ್ಲಿ ಅದರ ಮುಂದಿನ ಅಕ್ಷರವೇ ಇದಕ್ಕೆ ಹೆಸರಾಯಿತು. ಇದರ ಹನ್ನೊಂದನೆಯ ಆವೃತ್ತಿ 1987ರಲ್ಲಿ ಹೊರಬಂದಿತು. ಲಿನಕ್ಸ್ ಯಂತ್ರಗಳಲ್ಲಿ ಈಗ ವೇಲ್ಯಾಂಡ್ ಎಂಬ ಹೊಸ ವ್ಯವಸ್ಥೆ ಬಳಕೆಗೆ ಬಂದಿದ್ದರೂ ಎಕ್ಸ್‌ಗಾಗಿ ಬರೆದ ಕಾರ್ಯಕ್ರಮಗಳು ಅದರೊಳಗೂ ನಡೆಯುತ್ತಿವೆ. ಕಾರ್ಯಕ್ರಮವು ಒಂದು ಯಂತ್ರದಲ್ಲಿ ನಡೆದು ಅದರ ಚಿತ್ರವು ಮತ್ತೊಂದು ಯಂತ್ರದ ಪರದೆಯ ಮೇಲೆ ಮೂಡಬಲ್ಲುದು ಎಂಬುದೇ ಈ ವ್ಯವಸ್ಥೆಯ ವೈಶಿಷ್ಟ್ಯ.

ಇಲ್ಲಿ ಆತಿಥೇಯರು ಯಾರು, ಅತಿಥಿ ಯಾರು ಎಂಬುದನ್ನು ಸರಿಯಾಗಿ ಗ್ರಹಿಸಬೇಕು. ದೂರದ ದೊಡ್ಡ ಯಂತ್ರವೇ ಸರ್ವರ್, ನಮ್ಮ ಮುಂದಿರುವುದು ಅದರ ಆಶ್ರಿತ ಎಂದು ಹೊಸಬರು ಭಾವಿಸುತ್ತಾರೆ. ಎಕ್ಸ್ ವ್ಯವಸ್ಥೆಯಲ್ಲಿ ಇದು ತಿರುಗುಮುರುಗು. ನಮ್ಮ ಮುಂದಿರುವ ಪರದೆ, ಕೀಲಿಮಣೆಗಳನ್ನು ನೋಡಿಕೊಳ್ಳುವುದೇ ಸರ್ವರ್. ದೂರದಲ್ಲಿ ನಡೆಯುವ ಕಾರ್ಯಕ್ರಮವು ನಮ್ಮ ಪರದೆಯಲ್ಲಿ ಜಾಗ ಬೇಡಿ ಬರುವ ಅತಿಥಿ. ಆದ್ದರಿಂದ ಬರುವವರನ್ನು ಪರೀಕ್ಷಿಸುವ ಹೊಣೆ ನಮ್ಮ ಬಾಗಿಲಿನದು.

ಈ ಪರೀಕ್ಷೆಗೆ ಎರಡು ಮುಖ್ಯ ವಿಧಾನಗಳಿವೆ. ಮೊದಲನೆಯದು, ಬಂದವನು ಯಾವ ಮನೆಯವನೆಂದು ಕೇಳುವುದು. 'ಎಕ್ಸ್‌ಹೋಸ್ಟ್' ಎಂಬ ಆಜ್ಞೆಯಿಂದ ಇಂತಿಂಥ ಯಂತ್ರದಿಂದ ಬಂದವರನ್ನು ಬಿಡು ಎಂದು ಹೇಳಬಹುದು. ಆದರೆ ಆ ಯಂತ್ರದಲ್ಲಿ ಕೆಲಸ ಮಾಡುವ ಎಲ್ಲರೂ, ಸಜ್ಜನರೂ ದುರ್ಜನರೂ, ಆ ಒಂದೇ ಹೆಸರಿನ ಮೇಲೆ ಒಳಗೆ ಬರುತ್ತಾರೆ. ಮನೆತನವನ್ನು ಕೇಳಿ ಮನುಷ್ಯನನ್ನು ಅಳೆಯುವ ಕ್ರಮದ ಕೊರತೆಯನ್ನು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎರಡನೆಯದು, ಬಂದವನು ಯಾವ ಕುರುಹನ್ನು ತಂದಿದ್ದಾನೆಂದು ನೋಡುವುದು. ಯಂತ್ರವು 128 ಬಿಟ್ಟುಗಳ, ಅಂದರೆ 32 ಅಕ್ಷರಾಂಕಗಳಲ್ಲಿ ಬರೆಯಬಹುದಾದ, ಊಹೆಗೆ ನಿಲುಕದ ಒಂದು ಸಂಖ್ಯೆಯನ್ನು ಸೃಷ್ಟಿಸುತ್ತದೆ. ತಂತ್ರಜ್ಞರು ಇದನ್ನು 'ಮ್ಯಾಜಿಕ್ ಕುಕೀ' ಎನ್ನುತ್ತಾರೆ. ನಾವು ಕುರುಹು ಎನ್ನೋಣ. ಇದು ಬಳಕೆದಾರನ ಸ್ವಂತ ಕೋಶದಲ್ಲಿ 'ಎಕ್ಸ್‌ಅಥಾರಿಟಿ' ಎಂಬ ಮರೆಯ ಕಡತದಲ್ಲಿರುತ್ತದೆ. ಆ ಕಡತವನ್ನು ಓದಬಲ್ಲ ಕಾರ್ಯಕ್ರಮ ಮಾತ್ರ ಕುರುಹನ್ನು ತೋರಿಸಬಲ್ಲುದು.

ಇಷ್ಟಾದರೂ ಒಂದು ಕೊರತೆ ಉಳಿದಿತ್ತು. ಕುರುಹೂ ಚಿತ್ರವೂ ಬಯಲಾಗಿ ಜಾಲದಲ್ಲಿ ಸಾಗುತ್ತಿದ್ದವು. ನಡುವೆ ಹೊಂಚುಹಾಕಿದವನು ಕದಿಯಬಹುದಾಗಿತ್ತು. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಹೀಗೆಯೇ ಗುಪ್ತಪದಗಳನ್ನು ಕದ್ದಾಗ, ಅಲ್ಲಿಯ ಟಾಟು ಯ್ಲೋನೆನ್ ಎಂಬುವರು 'ಸೆಕ್ಯೂರ್ ಶೆಲ್' ಎಂಬ ಸುರಕ್ಷಿತ ಮಾರ್ಗವನ್ನು ನಿರ್ಮಿಸಿದರು. ಇದನ್ನೇ ನಮ್ಮ ಮಕ್ಕಳು ಎಸ್‌ಎಸ್‌ಎಚ್ ಎನ್ನುವುದು. 1999ರಿಂದ 'ಓಪನ್ ಎಸ್‌ಎಸ್‌ಎಚ್' ಎಂಬ ಮುಕ್ತ ರೂಪವು ಎಲ್ಲರಿಗೂ ದೊರೆಯುತ್ತಿದೆ. ಇದು ಎರಡು ಯಂತ್ರಗಳ ನಡುವೆ ಗೂಢಲಿಪಿಯ ಸುರಂಗವೊಂದನ್ನು ಕೊರೆದು, ಅದರೊಳಗಿಂದ ಪರದೆಯ ಚಿತ್ರವನ್ನೂ ತರಬಲ್ಲುದು.

ಈ ಸುರಂಗದ ಒಂದು ಜಾಣ್ಮೆ ಮೆಚ್ಚತಕ್ಕದ್ದು. ನಮ್ಮ ಮನೆಯ ನಿಜವಾದ ಕುರುಹನ್ನು ಅದು ದೂರದ ಯಂತ್ರಕ್ಕೆ ಕಳುಹಿಸುವುದೇ ಇಲ್ಲ. ಈ ಸಂಪರ್ಕಕ್ಕೆಂದೇ ಬದಲಿ ಕುರುಹೊಂದನ್ನು ಸೃಷ್ಟಿಸಿ ಅಲ್ಲಿಗೆ ಕೊಡುತ್ತದೆ. ಅಲ್ಲಿಯ ಕಾರ್ಯಕ್ರಮವು ಆ ಬದಲಿಯನ್ನು ಹಿಡಿದು ಬಂದಾಗ, ಸುರಂಗದ ಈಚೆಯ ತುದಿಯಲ್ಲಿ ಎಸ್‌ಎಸ್‌ಎಚ್ ಅದನ್ನು ಪರೀಕ್ಷಿಸಿ, ಸರಿಯಿದ್ದರೆ ಅದರ ಜಾಗದಲ್ಲಿ ನಿಜವಾದ ಕುರುಹನ್ನಿಟ್ಟು ಪರದೆಗೆ ಒಪ್ಪಿಸುತ್ತದೆ. ಸಂಪರ್ಕ ಮುಗಿದೊಡನೆ ಬದಲಿ ಕುರುಹಿಗೆ ಬೆಲೆಯಿಲ್ಲ. ನಿಜವಾದದ್ದು ಮನೆಯ ಹೊಸ್ತಿಲನ್ನು ದಾಟಿಯೇ ಇಲ್ಲ.

ಇನ್ನು ತೊಡಕಿನ ಮಾತು. ಪ್ರಸಾದ ನಿಲಯವೊಂದರಲ್ಲಿ ಓದುತ್ತಿದ್ದ ವಿದ್ಯಾರ್ಥಿಯೊಬ್ಬನ ಪ್ರಸಂಗವನ್ನು ಇಲ್ಲಿ ಹೇಳುವುದು ಉಚಿತ. ಆತನ ಅಂತಿಮ ವರ್ಷದ ಪ್ರಬಂಧವನ್ನು ಒಪ್ಪಿಸಲು ಎರಡು ದಿನಗಳು ಉಳಿದಿದ್ದವು. ಫಲಿತಾಂಶದ ನಕ್ಷೆಗಳೆಲ್ಲ ಕಾಲೇಜಿನ ಯಂತ್ರದಲ್ಲಿದ್ದವು. ತಿಂಗಳುಗಟ್ಟಲೆ ತೆರೆದುಕೊಳ್ಳುತ್ತಿದ್ದ ಕಿಟಕಿ ಆ ರಾತ್ರಿ ತೆರೆಯಲಿಲ್ಲ. ಕುರುಹು ತಪ್ಪಾದ್ದರಿಂದ ಸಂಪರ್ಕವನ್ನು ನಿರಾಕರಿಸಲಾಗಿದೆ ಎಂಬರ್ಥದ ಸೂಚನೆ ಮಾತ್ರ ಬರುತ್ತಿತ್ತು. ಕೂಡಿದ ಗೆಳೆಯರು "ಎಕ್ಸ್‌ಹೋಸ್ಟ್ ಪ್ಲಸ್ ಎಂದು ಬರೆದುಬಿಡು, ಎಲ್ಲ ಸರಿಹೋಗುತ್ತದೆ" ಎಂದರು.

ಈ ಆಜ್ಞೆಯ ಅರ್ಥವೇನೆಂದರೆ, ಪರದೆಯನ್ನು ತಲುಪಬಲ್ಲ ಯಾರನ್ನೂ ಕುರುಹು ಕೇಳದೆ ಒಳಗೆ ಬಿಡು ಎಂಬುದು. ಎಕ್ಸ್ ವ್ಯವಸ್ಥೆಯಲ್ಲಿ ಹೀಗೆ ಒಳಬಂದ ಕಾರ್ಯಕ್ರಮವು ಪರದೆಯ ಚಿತ್ರವನ್ನು ತೆಗೆಯಬಲ್ಲುದು. ನಾವು ಒತ್ತುವ ಒಂದೊಂದು ಕೀಲಿಯನ್ನೂ ಓದಬಲ್ಲುದು. ಒಂದೇ ಯಂತ್ರವನ್ನು ನಾಲ್ವರು ಬಳಸುವ ಪ್ರಸಾದ ನಿಲಯದಂಥ ಕಡೆ ಒಬ್ಬನ ಬ್ಯಾಂಕಿನ ಗುಪ್ತಪದ ಮತ್ತೊಬ್ಬನ ಪಾಲಾಗಲು ಇಷ್ಟು ಸಾಕು. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಈ ರೋಗಕ್ಕೆ ಅದು ಔಷಧಿಯೇ ಅಲ್ಲ. ಬದಲಿ ಕುರುಹನ್ನು ಪರೀಕ್ಷಿಸುವುದು ಎಸ್‌ಎಸ್‌ಎಚ್. ಪರದೆಯ ಬಾಗಿಲನ್ನು ಎಷ್ಟು ಅಗಲ ತೆರೆದರೂ ಸುರಂಗದ ತುದಿಯಲ್ಲಿ ಕುರುಹು ಕೂಡದವನು ಅಲ್ಲಿಯೇ ನಿಲ್ಲುತ್ತಾನೆ. ಅಪಾಯ ಬರುತ್ತದೆ, ಕೆಲಸವಾಗುವುದಿಲ್ಲ.

ಅವರಲ್ಲಿ ಹಿರಿಯನಾದ ಒಬ್ಬ ವಿದ್ಯಾರ್ಥಿ ಅವರನ್ನು ತಡೆದು, "ಒಳಗೆ ಹೋದ ಕೂಡಲೇ ಮೊದಲ ಸಾಲಿನಲ್ಲಿ ಏನು ಬರುತ್ತದೆ, ಅದನ್ನು ಓದಪ್ಪ" ಎಂದನು. ಎಲ್ಲರೂ ಕೊನೆಯ ಸಾಲನ್ನೇ ನೋಡುತ್ತಿದ್ದರು. ಕುರುಹಿನ ಕಡತವನ್ನು ಬರೆಯಲಾಗುತ್ತಿಲ್ಲ ಎಂದು ಮೊದಲ ಸಾಲು ಸ್ಪಷ್ಟವಾಗಿಯೇ ಹೇಳುತ್ತಿತ್ತು. ಆತನ ಪ್ರಯೋಗದ ಕಡತಗಳೇ ಬೆಳೆದು ಬೆಳೆದು, ಕಾಲೇಜಿನ ಯಂತ್ರದಲ್ಲಿ ಆತನಿಗೆ ಮೀಸಲಾದ ಜಾಗವೆಲ್ಲ ತುಂಬಿಹೋಗಿತ್ತು. ಹೊಸ ಕುರುಹನ್ನು ಇಡಲು ಎಳ್ಳಷ್ಟೂ ಎಡೆಯಿರಲಿಲ್ಲ. ಬೇಡವಾದ ಕಡತಗಳನ್ನು ಅಳಿಸಿ, ಹೊರಬಂದು ಮತ್ತೆ ಒಳಹೊಕ್ಕಾಗ ಕಿಟಕಿ ತೆರೆಯಿತು. ಪ್ರಬಂಧವು ಸಕಾಲದಲ್ಲಿ ಸಲ್ಲಿಕೆಯಾಯಿತು.

ಇಂಥ ತೊಡಕುಗಳಿಗೆಲ್ಲ ಕಾರಣ ಒಂದೇ ಆಗಿರುವುದಿಲ್ಲ. ಓಲೆಗರಿಯ ಪಾಠದೋಷ ಯಾವ ಪ್ರತಿಕಾರನ ಕೈಯಲ್ಲಿ ಹುಟ್ಟಿತೆಂದು ಒಂದೊಂದೇ ಪ್ರತಿಯನ್ನು ಹಿಡಿದು ಹಿಂದಕ್ಕೆ ಹೋಗುವಂತೆ, ಇಲ್ಲಿಯೂ ಕ್ರಮವಾಗಿ ನಡೆಯಬೇಕು.

ಮೊದಲನೆಯದಾಗಿ, ನಮ್ಮ ಯಂತ್ರದಲ್ಲಿ ಎಕ್ಸ್ ಪರದೆ ಎಚ್ಚರವಾಗಿದೆಯೇ ಎಂದು ನೋಡಬೇಕು. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ ಇದ್ದೇ ಇರುತ್ತದೆ. ಮ್ಯಾಕ್ ಯಂತ್ರದಲ್ಲಾದರೆ ಎಕ್ಸ್‌ಕ್ವಾರ್ಟ್ಜ್ ಎಂಬುದನ್ನು ಬೇರೆಯಾಗಿ ಸ್ಥಾಪಿಸಿ ನಡೆಸಬೇಕು.

ಎರಡನೆಯದಾಗಿ, ದೂರದ ಯಂತ್ರದೊಳಗೆ ಹೋಗಿ 'ಡಿಸ್‌ಪ್ಲೇ' ಎಂಬ ಹೆಸರಿನಲ್ಲಿ ಯಾವ ವಿಳಾಸವಿದೆ ಎಂದು ಕೇಳಬೇಕು. ಸುರಂಗ ಸರಿಯಾಗಿದ್ದರೆ 'ಲೋಕಲ್‌ಹೋಸ್ಟ್:10.0' ಎಂಬಂಥ ಉತ್ತರ ಬರುತ್ತದೆ. ಮೊದಲ ಸಂಖ್ಯೆಗಳನ್ನು ಆ ಯಂತ್ರದ ಸ್ವಂತ ಪರದೆಗಳಿಗೆ ಬಿಟ್ಟು ಎಸ್‌ಎಸ್‌ಎಚ್ 10ರಿಂದ ಎಣಿಸುತ್ತದೆ. ಉತ್ತರ ಬರಿದಾಗಿದ್ದರೆ ಸುರಂಗವೇ ಆಗಿಲ್ಲವೆಂದು ತಿಳಿಯಬೇಕು. ಎಸ್‌ಎಸ್‌ಎಚ್ ಆಜ್ಞೆಯ ಜೊತೆಗೆ ದೊಡ್ಡಕ್ಷರದ ಎಕ್ಸ್ ಆಯ್ಕೆಯನ್ನು ಕೊಡಲು ಮರೆತಿರಬಹುದು. ದೂರದ ಯಂತ್ರದ ವ್ಯವಸ್ಥಾಪಕರು ಆ ಸೌಲಭ್ಯವನ್ನು ಮುಚ್ಚಿರಬಹುದು. ಅಥವಾ ಕುರುಹನ್ನು ಬರೆದಿಡುವ 'ಎಕ್ಸ್‌ಆಥ್' ಎಂಬ ಉಪಕರಣವೇ ಅಲ್ಲಿ ಇಲ್ಲದಿರಬಹುದು. ಚಿಕ್ಕಕ್ಷರದ ವಿ ಆಯ್ಕೆಯನ್ನು ಕೊಟ್ಟು ಪ್ರವೇಶಿಸಿದರೆ ಎಸ್‌ಎಸ್‌ಎಚ್ ತನ್ನ ಒಂದೊಂದು ಹೆಜ್ಜೆಯನ್ನೂ ಹೇಳುತ್ತ ಹೋಗುತ್ತದೆ. ಬೇರೆ ಯಾವುದೋ ವಿಳಾಸ ಕಂಡರೆ, ಹಿಂದೆ ಯಾರೋ ಪ್ರವೇಶದ ಕಡತದಲ್ಲಿ ಅದನ್ನು ಬರೆದಿಟ್ಟಿರಬೇಕು. ಆ ಸಾಲನ್ನು ತೆಗೆಯಬೇಕು.

ಮೂರನೆಯದಾಗಿ, ವಿಳಾಸ ಸರಿಯಿದ್ದೂ ಕುರುಹು ತಪ್ಪೆಂದು ಬಂದರೆ, 'ಎಕ್ಸ್‌ಆಥ್ ಲಿಸ್ಟ್' ಎಂಬ ಆಜ್ಞೆಯಿಂದ ಅದೇ ಸಂಖ್ಯೆಯ ಕುರುಹು ಇದೆಯೇ ಎಂದು ನೋಡಬೇಕು. ಇಲ್ಲದಿದ್ದರೆ ಕಾರಣವನ್ನು ಕಡತದಲ್ಲಿ ಹುಡುಕಬೇಕು: ಜಾಗ ತುಂಬಿದೆಯೇ, ಕಡತದ ಒಡೆತನ ಮೂಲಾಧಿಕಾರಿಯಾದ 'ರೂಟ್' ಹೆಸರಿಗೆ ಹೋಗಿದೆಯೇ, ಹಿಂದೆ ಅರ್ಧಕ್ಕೆ ನಿಂತ ಕೆಲಸವೊಂದರ ಬೀಗದ ಕಡತ ಹಾಗೆಯೇ ಉಳಿದಿದೆಯೇ ಎಂದು.

ನಾಲ್ಕನೆಯದಾಗಿ, ಒಳಗೆ ಹೋದ ಮೇಲೆ 'ಸುಡೊ' ಮೊದಲಾದ ಆಜ್ಞೆಗಳಿಂದ ಬೇರೆ ಬಳಕೆದಾರನ ವೇಷ ಧರಿಸಿದವರಿಗೆ ಬಾಗಿಲು ತೆರೆಯದಿರುವುದು ಸಹಜ. ಕುರುಹು ಮೊದಲಿನವನ ಕೋಶದಲ್ಲಿದೆ, ಹೊಸಬನಲ್ಲಿ ಇಲ್ಲ. ಆ ವೇಷ ನಿಜವಾಗಿಯೂ ಬೇಕೇ ಎಂದು ಮೊದಲು ಯೋಚಿಸಬೇಕು. ಬೇಕೇ ಬೇಕೆಂದಾದರೆ ಆ ಒಂದು ಸಂಪರ್ಕದ ಕುರುಹನ್ನು ಮಾತ್ರ ಎಕ್ಸ್‌ಆಥ್ ಮೂಲಕ ಅವನಿಗೆ ಒಪ್ಪಿಸಬೇಕು.

ಐದನೆಯದಾಗಿ, ಆರಂಭದಲ್ಲಿ ಸರಿಯಾಗಿದ್ದು ಸ್ವಲ್ಪ ಹೊತ್ತಿನ ಮೇಲೆ ಹೊಸ ಕಿಟಕಿ ತೆರೆಯದಿದ್ದರೆ ಗಾಬರಿಪಡಬೇಕಾಗಿಲ್ಲ. ದೊಡ್ಡಕ್ಷರದ ಎಕ್ಸ್ ಆಯ್ಕೆಯಲ್ಲಿ ಓಪನ್ ಎಸ್‌ಎಸ್‌ಎಚ್ ದೂರದ ಕಾರ್ಯಕ್ರಮಗಳನ್ನು ಪೂರ್ಣವಾಗಿ ನಂಬದೆ, 20 ನಿಮಿಷಗಳ ತರುವಾಯ ಹೊಸಬರನ್ನು ನಿರಾಕರಿಸುವಂತೆ ಮೂಲದಲ್ಲಿ ಗೊತ್ತುಮಾಡಿದೆ. ಈ ಅವಧಿಯನ್ನು ಹೆಚ್ಚಿಸಿಕೊಳ್ಳಬಹುದು. ದೊಡ್ಡಕ್ಷರದ ವೈ ಆಯ್ಕೆಯು ಪೂರ್ಣ ನಂಬಿಕೆಯನ್ನು ಕೊಡುತ್ತದೆ. ಕೆಲವು ಲಿನಕ್ಸ್ ಯಂತ್ರಗಳಲ್ಲಿ ಎಕ್ಸ್ ಆಯ್ಕೆಯೂ ಹಾಗೆಯೇ ವರ್ತಿಸುವಂತೆ ಮಾಡಿರುವುದುಂಟು. ಆದ್ದರಿಂದ ಪರಿಚಯವಿಲ್ಲದ ಯಂತ್ರಕ್ಕೆ ಹೋಗುವಾಗ ಈ ಎರಡನ್ನೂ ಬಿಡುವುದೇ ಲೇಸು. ದೂರದ ಯಂತ್ರದ ಮೂಲಾಧಿಕಾರಿ ಕೆಟ್ಟವನಾದರೆ ನಮ್ಮ ಕೈಯಿಂದಲೇ ತೆರೆದ ಸುರಂಗದಲ್ಲಿ ನಮ್ಮ ಪರದೆಗೆ ಬಂದಾನು.

ಮತ್ತೊಂದು ಎಚ್ಚರ. ಸಹಾಯ ಕೇಳುವಾಗ ಕುರುಹಿನ ಪಟ್ಟಿಯ ಚಿತ್ರವನ್ನು ತೆಗೆದು ಪರರಿಗೆ ಕಳುಹಿಸಬಾರದು. ಬಂದ ದೋಷಸೂಚನೆಯನ್ನು ಹೇಳಿದರೆ ಬಲ್ಲವರಿಗೆ ಅಷ್ಟೇ ಸಾಕು.

ಕುರುಹು ಎಂಬ ಮಾತು ನಮ್ಮ ಶರಣ ಪರಂಪರೆಯಲ್ಲಿ ಬಹು ಗೌರವದ್ದು. ಅಂಗೈಯ ಇಷ್ಟಲಿಂಗವೆಂಬ ಕುರುಹಿನೊಡನೆ ಯಂತ್ರದ ಈ ಅಂಕೆಗಳನ್ನು ಸಮಗಟ್ಟುವುದು ನಮ್ಮ ಉದ್ದೇಶವಲ್ಲ, ಅದು ಸಲ್ಲದು ಕೂಡ. ಆದರೆ ಕುರುಹನ್ನು ಹಿಡಿದವನಿಗೆ ಅದರ ಅರಿವೂ ಇರಬೇಕೆಂಬ ಹಿರಿಯರ ಎಚ್ಚರಿಕೆ ಲೌಕಿಕ ವಿದ್ಯೆಗೂ ಸಲ್ಲುತ್ತದೆ. ಆ ವಿದ್ಯಾರ್ಥಿಯ ಗೆಳೆಯರು ಹೇಳಿದ ಆಜ್ಞೆ ಅವರಿಗೆ ಬಾಯಿಪಾಠವಾಗಿತ್ತು. ಅದು ಏನು ಮಾಡುತ್ತದೆ ಎಂಬ ಅರಿವು ಇರಲಿಲ್ಲ. ಹಿರಿಯ ವಿದ್ಯಾರ್ಥಿ ಹೊಸ ಆಜ್ಞೆಯನ್ನೇನೂ ಹೇಳಿಕೊಡಲಿಲ್ಲ, ಕಣ್ಣೆದುರಿಗಿದ್ದ ಸಾಲನ್ನು ಓದಿಸಿದನು.

ತಾಯಂದಿರೂ ತಂದೆಯವರೂ ಮಕ್ಕಳ ಈ ವಿದ್ಯೆಯನ್ನೆಲ್ಲ ಕಲಿಯಬೇಕೆಂದೇನಿಲ್ಲ. ರಾತ್ರಿ ಬಹಳ ಹೊತ್ತು ಎದ್ದು ಕುಳಿತ ಮಗನನ್ನೋ ಮಗಳನ್ನೋ ಕಂಡಾಗ, ಒಂದು ಲೋಟ ಹಾಲನ್ನು ಮುಂದಿಟ್ಟು, "ಮೊದಲ ಸಾಲಿನಲ್ಲಿ ಏನು ಬಂದಿದೆ, ಓದಿದೆಯೇನು?" ಎಂದು ಕೇಳಿದರೆ ಸಾಕು.